ಬಿಚ್ಚಿ ಕಟ್ಟಿದ ಕನ್ನಡಿಮನೆಗಳು: ಪೆಟ್ರೀನ್ ಮತ್ತು ಲ್ಯೂಸರ್ನ್ ಚಕ್ರವ್ಯೂಹಗಳ ಕುರಿತು ಒಂದು ಟಿಪ್ಪಣಿ

ಪ್ರಾಗ್ ನಗರದ ಪೆಟ್ರೀನ್ ಬೆಟ್ಟದ ಮೇಲೆ, ನೋಟಗೋಪುರಕ್ಕೆ ಹತ್ತಿರದಲ್ಲೇ, ಹಳೆಯ ಕೋಟೆಬಾಗಿಲಿನ ರೂಪದ ಒಂದು ಪುಟ್ಟ ಕಟ್ಟಡವಿದೆ. ಒಳಹೊಕ್ಕವರು ಮೊದಲು ಕನ್ನಡಿಗಳ ಚಕ್ರವ್ಯೂಹದಲ್ಲಿ ತಡಕಾಡುತ್ತಾರೆ. ಅದನ್ನು ದಾಟಿದ ಮೇಲೆ 1648ರ ಒಂದು ಕಾಳಗದ ಭಾರಿ ವರ್ಣಚಿತ್ರ ಎದುರಾಗುತ್ತದೆ. ಕೊನೆಗೆ ಡೊಂಕು ಕನ್ನಡಿಗಳ ನಗೆಕೋಣೆ. ಮಕ್ಕಳನ್ನು ಕರೆತಂದವರಿಗೆ ಇದೊಂದು ಸ್ವಲ್ಪ ಹೊತ್ತಿನ ಮೋಜು. ಆದರೆ ಈ ಮೂರು ಕೋಣೆಗಳು ಒಂದೇ ಸೂರಿನಡಿ ಹೇಗೆ ಸೇರಿದವು ಎಂದು ಕೇಳಿದರೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ಯುರೋಪಿನ ಪ್ರದರ್ಶನಗಳ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಆ ದಶಕದ ದೊಡ್ಡ ಪ್ರದರ್ಶನಗಳಿಗಾಗಿ ಎದ್ದ ಮನರಂಜನೆಯ ಮಂಟಪಗಳಲ್ಲಿ ಬಹುಪಾಲು ಒಂದು ಬೇಸಿಗೆಯನ್ನಷ್ಟೇ ಕಂಡವು. ಮರ, ಗಾರೆ, ಬಣ್ಣದ ಬಟ್ಟೆಗಳಿಂದ ಕಟ್ಟಿದ ಅವು ಪ್ರದರ್ಶನ ಮುಗಿದೊಡನೆ ನೆಲಸಮವಾದವು. ಕನ್ನಡಿಮನೆಗಳಲ್ಲಿ ಕೆಲವು ಮಾತ್ರ ಬೇರೆ ಊರಿಗೋ ಬೇರೆ ಜಾಗಕ್ಕೋ ಹೋಗಿ ಇಂದಿಗೂ ನಿಂತಿವೆ. ಪ್ರಾಗ್, ಲ್ಯೂಸರ್ನ್ ಮತ್ತು ಪ್ಯಾರಿಸ್‌ಗಳ ಮೂರು ನಿದರ್ಶನಗಳನ್ನು ಒಟ್ಟಿಗಿಟ್ಟು ನೋಡಿದಾಗ ಈ ಉಳಿವಿಗೆ ಎರಡು ಕಾರಣಗಳು ಕಾಣುತ್ತವೆ ಎಂಬುದು ನನ್ನ ವಾದ. ಮೊದಲನೆಯದು ಕನ್ನಡಿಮನೆಯ ರೇಖಾಗಣಿತ: ಅದು ಒಂದೇ ಅಳತೆಯ ತುಂಡುಗಳಿಂದಾದದ್ದು, ಆದ್ದರಿಂದ ಬಿಚ್ಚಿ ಕಟ್ಟುವುದು ಸುಲಭ. ಎರಡನೆಯದು ಅದನ್ನು ಕೊಂಡೊಯ್ದವರು: ಅವರು ಊರೂರು ಸುತ್ತುವ ಆಟದವರಲ್ಲ, ಜನ ಆಗಲೇ ಬಂದು ಹೋಗುತ್ತಿದ್ದ ಒಂದು ಜಾಗವನ್ನು ನಡೆಸುತ್ತಿದ್ದವರು.

ಮೊದಲು ಪೆಟ್ರೀನ್. 1891ರಲ್ಲಿ ಪ್ರಾಗ್‌ನಲ್ಲಿ ನಡೆದ ಜ್ಯೂಬಿಲಿ ಪ್ರದರ್ಶನವು, 1791ರಲ್ಲಿ ಅದೇ ಊರಿನಲ್ಲಿ ಎರಡನೆಯ ಲಿಯೋಪೋಲ್ಡನ ಪಟ್ಟಾಭಿಷೇಕದ ಸಂದರ್ಭದಲ್ಲಿ ಏರ್ಪಟ್ಟಿದ್ದ ಕೈಗಾರಿಕಾ ಪ್ರದರ್ಶನದ ನೂರನೆಯ ವರ್ಷದ ನೆನಪಿಗೆ ನಡೆದದ್ದು. ಬೊಹೀಮಿಯಾದ ಜರ್ಮನ್ ಉದ್ಯಮಿಗಳಲ್ಲಿ ಬಹುತೇಕರು ಅದರಿಂದ ದೂರ ಉಳಿದರು. ಹಾಗಾಗಿ ಅದು ಚೆಕ್ ಜನರ ಸ್ವಾಭಿಮಾನದ ಮೇಳವಾಗಿಬಿಟ್ಟಿತು. ಫ್ರಾಂಟಿಶೆಕ್ ಕ್ರಿಝೀಕ್ ಎಂಬ ವಿದ್ಯುತ್ ಎಂಜಿನಿಯರ್ ಅಲ್ಲಿ ಬಣ್ಣದ ಬೆಳಕಿನ ಕಾರಂಜಿ ಹಾರಿಸಿದ. ಅದೇ ವರ್ಷ ಲೆಟ್ನಾ ದಿಬ್ಬದ ಮೇಲೆ ವಿದ್ಯುತ್ ಟ್ರಾಮ್ ಓಡಿಸಿದವನೂ ಅವನೇ. ಚೆಕ್ ಪ್ರವಾಸಿಗರ ಸಂಘ ಎಂಬ ಸಂಸ್ಥೆಯ ಸದಸ್ಯರು 1889ರಲ್ಲಿ ಪ್ಯಾರಿಸ್‌ಗೆ ಹೋಗಿ ಐಫೆಲ್ ಗೋಪುರವನ್ನು ಕಂಡು ಬಂದಿದ್ದರು. ತಮ್ಮೂರಲ್ಲೂ ಅಂಥದೊಂದು ಇರಬೇಕೆಂದು ಪಟ್ಟುಹಿಡಿದು, ಸುಮಾರು 60 ಮೀಟರ್ ಎತ್ತರದ, ಅಂದರೆ ಐಫೆಲ್‌ನ ಐದನೆಯ ಒಂದು ಪಾಲಿನಷ್ಟು ಎತ್ತರದ ಗೋಪುರವನ್ನು ಪೆಟ್ರೀನ್ ಬೆಟ್ಟದ ಮೇಲೆ ಎಬ್ಬಿಸಿದರು. ಬೆಟ್ಟ ಹತ್ತಲು ಅದೇ ವರ್ಷ ಹಗ್ಗದ ರೈಲೂ ಬಂತು. ಮೇಲಿನ ಬೋಗಿಯಲ್ಲಿ ನೀರು ತುಂಬಿಸಿ, ಆ ಭಾರಕ್ಕೆ ಕೆಳಗಿನ ಬೋಗಿ ಮೇಲೇರುವಂತೆ ಮಾಡಿದ್ದರು.

ಇದೇ ಸಂಘ ಪ್ರದರ್ಶನದ ಬಯಲಿನಲ್ಲಿ ತನ್ನದೇ ಒಂದು ಮಂಟಪವನ್ನೂ ಕಟ್ಟಿಸಿತು. ವಾಸ್ತುಶಿಲ್ಪಿ ಆಂತೋನಿನ್ ವೀಲ್. ವಿಶೆಹ್ರಾಡ್ ಕೋಟೆಗೆ ನಾಲ್ಕನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ, ಕಟ್ಟಿಸಿದ್ದ ಶ್ಪಿಚ್ಕಾ ಎಂಬ ಹೆಬ್ಬಾಗಿಲಿನ ಚೂರುಪಾರು ಮಾತ್ರ ಆ ಹೊತ್ತಿಗೆ ಉಳಿದಿತ್ತು. ವೀಲ್ ಆ ಹೆಬ್ಬಾಗಿಲನ್ನೇ ಮಾದರಿಯಾಗಿಟ್ಟುಕೊಂಡು ಮಂಟಪಕ್ಕೆ ರೂಪ ಕೊಟ್ಟ. ಒಳಗೆ ಇಟ್ಟದ್ದು ಕನ್ನಡಿಗಳನ್ನಲ್ಲ, ಚಿತ್ರವನ್ನು. ಮೂವತ್ತು ವರ್ಷಗಳ ಯುದ್ಧದ ಕಡೆಗಾಲದಲ್ಲಿ, 1648ರ ಜುಲೈಯಲ್ಲಿ, ಸ್ವೀಡನ್ನಿನ ಸೇನಾನಿ ಕೋನಿಗ್ಸ್‌ಮಾರ್ಕ್ ಪ್ರಾಗ್‌ನ ಎಡದಂಡೆಯನ್ನೂ ಅರಮನೆಯನ್ನೂ ಹಿಡಿದುಕೊಂಡ. ಆದರೆ ಚಾರ್ಲ್ಸ್ ಸೇತುವೆ ದಾಟಿ ಹಳೆಯ ಪಟ್ಟಣಕ್ಕೆ ನುಗ್ಗಲು ಅವನ ಪಡೆಗೆ ಆಗಲಿಲ್ಲ. ಊರಿನ ಜನ ಮತ್ತು ವಿದ್ಯಾರ್ಥಿಗಳು, ಯಿರ್ಝಿ ಪ್ಲಾಹಿ ಎಂಬ ಜೆಸ್ಯುಯಿಟ್ ಪಾದ್ರಿಯ ಮುಂದಾಳುತನದಲ್ಲಿ ಸೇತುವೆಯ ಮೇಲೆ ಅಡ್ಡ ನಿಂತರು. ಆ ಹೋರಾಟವನ್ನು ಅಡಾಲ್ಫ್ ಮತ್ತು ಕರೆಲ್ ಲೀಬ್ಶರ್ ಸಹೋದರರು, ವೊಯ್ತೆಖ್ ಬಾರ್ತೊನೆಕ್‌ನ ನೆರವಿನೊಂದಿಗೆ ದೊಡ್ಡ ಕ್ಯಾನ್ವಾಸಿನ ಮೇಲೆ ಬಿಡಿಸಿದರು. ಚಿತ್ರದ ಮುಂದೆ ನಿಜವಾದ ವಸ್ತುಗಳನ್ನು ಹರಡಿ, ಎಲ್ಲಿ ನೆಲ ಮುಗಿದು ಎಲ್ಲಿ ಬಣ್ಣ ಶುರುವಾಗುತ್ತದೆ ಎಂದು ನೋಡುಗನಿಗೆ ಗೊತ್ತಾಗದಂತೆ ಮಾಡಿದ್ದಾರೆ. ಆ ಕಾಲದ ಡಯೊರಾಮಾ ಕಲೆಯ ಸಹಜ ಉಪಾಯ ಇದು.

ಪ್ರದರ್ಶನ ಮುಗಿದ ಮೇಲೆ ಮಂಟಪವನ್ನು ಬಿಚ್ಚಿ ಬೆಟ್ಟಕ್ಕೆ ಸಾಗಿಸಿದರು. ಅದು ಚಕ್ರವ್ಯೂಹವಾಗಿ ಬದಲಾದದ್ದು ಈ ಸ್ಥಳಾಂತರದಲ್ಲಿ, 1890ರ ದಶಕದ ಮೊದಲ ವರ್ಷಗಳಲ್ಲಿ. ಇದರ ಮಹತ್ವವನ್ನು ನಾವು ಕಡೆಗಣಿಸಬಾರದು. ಚಿತ್ರ ಒಮ್ಮೆ ನೋಡಿದವರಿಗೆ ಮುಗಿದುಹೋಗುತ್ತದೆ. ದೇಶಾಭಿಮಾನದ ಉಬ್ಬರ ಇಳಿದ ಮೇಲೆ ಬೆಟ್ಟ ಹತ್ತಿ ಬಂದವರನ್ನು ಮತ್ತೆ ಮತ್ತೆ ಒಳಗೆ ಕರೆಯಲು ಬೇರೆಯದೇ ಏನಾದರೂ ಬೇಕಿತ್ತು. ಕನ್ನಡಿಗಳು ಆ ಕೆಲಸ ಮಾಡಿದವು. ಚಿತ್ರ ಉಳಿದದ್ದು ಕನ್ನಡಿಗಳ ದೆಸೆಯಿಂದ ಎಂದೇ ನನ್ನ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದ ಇಂಥ ಚಿತ್ರಗಳಲ್ಲಿ ಎಷ್ಟೊಂದು, ಸಿನಿಮಾ ಬಂದ ಮೇಲೆ ಸುರುಳಿ ಸುತ್ತಿ ಮೂಲೆ ಸೇರಿ ನಾಶವಾದವು ಎಂಬುದನ್ನು ನೆನೆದರೆ, ಪೆಟ್ರೀನ್‌ನ ಕ್ಯಾನ್ವಾಸ್ ತನ್ನ ಜಾಗದಲ್ಲೇ ಇರುವುದು ಸಣ್ಣ ಸಂಗತಿಯಲ್ಲ.

ಕನ್ನಡಿ ಚಕ್ರವ್ಯೂಹಕ್ಕೆ ಪೇಟೆಂಟ್ ಪಡೆದವರಲ್ಲಿ ಚರಿತ್ರೆಕಾರರು ಮುಖ್ಯವಾಗಿ ಹೆಸರಿಸುವುದು ಬರ್ಲಿನ್ನಿನ ಗುಸ್ತಾವ್ ಕಾಸ್ಟಾನ್‌ನನ್ನು. ಅವನೂ ಅವನ ಸೋದರ ಲೂಯಿಯೂ 1869ರಲ್ಲಿ ಶುರುಮಾಡಿದ ಕಾಸ್ಟಾನ್ಸ್ ಪನೋಪ್ಟಿಕಮ್ ಮೇಣದ ಗೊಂಬೆಗಳ ಸಂಗ್ರಹಾಲಯವಾಗಿ ಹೆಸರಾಗಿತ್ತು, 1922ರವರೆಗೆ ನಡೆಯಿತು. ಕಾಸ್ಟಾನ್‌ನ ಅಮೆರಿಕದ ಪೇಟೆಂಟಿನ ಸಂಖ್ಯೆ 5,45,678. ದಿನಾಂಕ 1895ರ ಸೆಪ್ಟೆಂಬರ್ 3. ಅದರಲ್ಲಿನ ಮುಖ್ಯ ವಿಚಾರ ಸರಳ. ನೆಲವನ್ನು ಸಮಬಾಹು ತ್ರಿಕೋನಗಳ ಜಾಲವಾಗಿ ವಿಂಗಡಿಸಬೇಕು. ತ್ರಿಕೋನಗಳ ಮೂಲೆ ಇದ್ದಲ್ಲೆಲ್ಲ ಒಂದೊಂದು ಕಂಬ. ಎರಡು ಕಂಬಗಳ ನಡುವಿನ ಅಂಕಣದಲ್ಲಿ ಒಂದೋ ಕನ್ನಡಿ, ಇಲ್ಲವೇ ಖಾಲಿ ದಾರಿ. ಕಂಬಗಳೂ ಅವುಗಳ ಮೇಲಿನ ಕಮಾನುಗಳೂ ಎಲ್ಲ ಕಡೆ ಒಂದೇ ತೆರ.

ಚೌಕ ಬಿಟ್ಟು ತ್ರಿಕೋನವೇ ಏಕೆ? ಈ ಪ್ರಶ್ನೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಕನ್ನಡಿಮನೆಯ ಗುಟ್ಟು ಪೂರ್ತಿ ಇಲ್ಲೇ ಇದೆ. ಚೌಕದ ಜಾಲದಲ್ಲಿ ದಾರಿ ಮುಚ್ಚಿದ ಕಡೆ ಕನ್ನಡಿ ನಮಗೆ ನೇರ ಎದುರಾಗಿ ನಿಲ್ಲುತ್ತದೆ. ನಡೆಯುವವನಿಗೆ ತನ್ನೆಡೆಗೇ ನಡೆದು ಬರುವ ತಾನೇ ಕಾಣುತ್ತಾನೆ, ಅಲ್ಲಿಗೆ ಗುಟ್ಟು ರಟ್ಟು. ಸಮಬಾಹು ತ್ರಿಕೋನದಲ್ಲಿ ಹಾಗಾಗದು. ಒಂದು ಅಂಕಣವನ್ನು ನೇರವಾಗಿ ದಾಟಿ ಒಳಬಂದರೆ ಕಣ್ಣೆದುರಿಗೆ ಬರುವುದು ತ್ರಿಕೋನದ ಆಚೆ ಮೂಲೆಯ ಕಂಬ. ಅದರ ಎಡಬಲಗಳ ಎರಡು ಬದಿಗಳು ನಮ್ಮ ನೋಟದ ಗೆರೆಗೆ 30 ಡಿಗ್ರಿ ಓರೆಯಾಗಿರುತ್ತವೆ. ಅಲ್ಲಿ ಕನ್ನಡಿ ಇದ್ದರೆ ಅದು ನೋಟವನ್ನು 60 ಡಿಗ್ರಿ ತಿರುಗಿಸಿ ಪಕ್ಕದ ಓಣಿಯೊಂದರತ್ತ ಕಳಿಸುತ್ತದೆ. ಜಾಲವೂ 60 ಡಿಗ್ರಿಯ ಲೆಕ್ಕದ್ದೇ ಆದ್ದರಿಂದ, ತಿರುಗಿದ ನೋಟ ಇನ್ನೊಂದು ಓಣಿಯ ಉದ್ದಕ್ಕೂ ನೇರವಾಗಿ ಸಾಗುತ್ತದೆ. ಪಕ್ಕದ ಓಣಿ ನೆಟ್ಟಗೆ ಮುಂದಿರುವ ಓಣಿಯಂತೆ ಕಾಣುವುದು ಹೀಗೆ. ನಿಜವಾದ ಕಂಬದ ಹಿಂದೆ ಪ್ರತಿಬಿಂಬದ ಕಂಬ, ಅದರ ಹಿಂದೆ ಇನ್ನೊಂದು, ಎಲ್ಲವೂ ಒಂದೇ ಜಾಲದ ಬಿಂದುಗಳ ಮೇಲೆ ಸರಿಯಾಗಿ ಕೂರುತ್ತವೆ. ಪ್ರತಿಬಿಂಬಗಳಿಂದಲೇ ಇಡೀ ಸಮತಲವನ್ನು ಸಂದಿಲ್ಲದೆ ತುಂಬಬಲ್ಲ ಕೆಲವೇ ಆಕಾರಗಳಲ್ಲಿ ಸಮಬಾಹು ತ್ರಿಕೋನ ಒಂದು. ಡೇವಿಡ್ ಬ್ರೂಸ್ಟರ್ 1817ರಲ್ಲಿ ಪೇಟೆಂಟ್ ಪಡೆದ ಕೆಲಿಡೋಸ್ಕೋಪಿನ ತತ್ವವೂ ಇದಕ್ಕೆ ಹತ್ತಿರದ್ದು. 60 ಡಿಗ್ರಿಯಲ್ಲಿ ನಿಂತ ಎರಡು ಕನ್ನಡಿಗಳ ನಡುವೆ ಇಟ್ಟ ಒಂದು ವಸ್ತುವಿಗೆ ಐದು ಪ್ರತಿಬಿಂಬಗಳು ಹುಟ್ಟುತ್ತವೆ, ವಸ್ತುವೂ ಸೇರಿ ಆರು. ಕೆಲಿಡೋಸ್ಕೋಪಿನಲ್ಲಿ ಬಣ್ಣದ ಗಾಜಿನ ಚೂರುಗಳು ನಿಂತ ಜಾಗದಲ್ಲಿ ಕಾಸ್ಟಾನ್ ಮನುಷ್ಯನನ್ನು ನಿಲ್ಲಿಸಿದ.

ಈ ಮನೆಗಳಿಗೆ ಮೂರಿಶ್ ಶೈಲಿಯ, ಅಲ್ಹಾಂಬ್ರಾ ಅರಮನೆಯ ವೇಷ ಮತ್ತೆ ಮತ್ತೆ ಬಂದದ್ದಕ್ಕೂ ಇಲ್ಲೇ ಉತ್ತರ ಸಿಗುತ್ತದೆ. ಪೂರ್ವದೇಶಗಳ ಬಗ್ಗೆ ಆಗ ಯುರೋಪಿಗಿದ್ದ ಮೋಹ ಒಂದು ಕಾರಣ ಎಂಬುದನ್ನು ಅಲ್ಲಗಳೆಯಲಾರೆ. ಓವೆನ್ ಜೋನ್ಸ್‌ನ ಅಲ್ಹಾಂಬ್ರಾ ಗ್ರಂಥವೂ, 1854ರಲ್ಲಿ ಸಿಡನ್‌ಹ್ಯಾಮ್‌ನ ಸ್ಫಟಿಕ ಅರಮನೆಯಲ್ಲಿ ಅವನು ಕಟ್ಟಿಸಿದ ಅಲ್ಹಾಂಬ್ರಾ ಅಂಗಳವೂ ಆ ಶೈಲಿಯನ್ನು ಮನೆಮಾತಾಗಿಸಿದ್ದವು. ಆದರೆ ಅದಕ್ಕಿಂತ ಗಟ್ಟಿಯಾದ ಕಾರಣ ಅಲಂಕಾರದ ಗುಣದಲ್ಲೇ ಇದೆ. ಮೂರಿಶ್ ಕಮಾನು ಎಡಬಲ ಸಮವಾದದ್ದು, ಕನ್ನಡಿಯಲ್ಲಿ ತಿರುಗಿದರೂ ಬದಲಾಗದು. ಅದರ ಬಳ್ಳಿ ನಕ್ಷೆಗಳಿಗೆ ಆದಿ ಅಂತ್ಯ ಇಲ್ಲ. ಮನುಷ್ಯರ ಶಿಲ್ಪವನ್ನೋ ಬರಹವನ್ನೋ ಕಂಬದ ಮೇಲೆ ಇಟ್ಟಿದ್ದರೆ, ಎಡಬಲ ಅದಲುಬದಲಾದದ್ದನ್ನು ನೋಡಿ ಜಾಣ ನೋಡುಗ ಕೂಡಲೇ ಪ್ರತಿಬಿಂಬವನ್ನು ಗುರುತಿಸಿಬಿಡುತ್ತಿದ್ದ.

ಲ್ಯೂಸರ್ನ್‌ನ ಚಕ್ರವ್ಯೂಹ ಈ ವೇಷದಲ್ಲೇ ಇದೆ. ಅದು ನಿಂತಿರುವ ಗ್ಲೇಸಿಯರ್ ಗಾರ್ಡನ್‌ನ ಕಥೆಯೂ ವಿಶೇಷವಾದದ್ದು. 1872ರಲ್ಲಿ ಯೋಸೆಫ್ ವಿಲ್ಹೆಲ್ಮ್ ಆಮ್ರೈನ್ ಎಂಬಾತ ದ್ರಾಕ್ಷಾರಸ ಇಡುವ ನೆಲಮಾಳಿಗೆಗಾಗಿ ಬಂಡೆ ಒಡೆಸುತ್ತಿದ್ದಾಗ, ಹಿಮಯುಗದ ನೀರ್ಗಲ್ಲ ರಾಶಿಯಡಿ ಹರಿದ ನೀರು ಕೊರೆದಿದ್ದ ಗುಂಡನೆಯ ಗುಣಿಗಳು ಕಂಡವು. ಎಲ್ಲಕ್ಕಿಂತ ದೊಡ್ಡದರ ಆಳ ಒಂಬತ್ತೂವರೆ ಮೀಟರ್. ಆಮ್ರೈನ್ ನೆಲಮಾಳಿಗೆಯ ಯೋಚನೆ ಬಿಟ್ಟು, 1873ರಲ್ಲಿ ಜಾಗವನ್ನು ಸಾರ್ವಜನಿಕರಿಗೆ ತೆರೆದ. ಪಕ್ಕದಲ್ಲೇ, 1821ರಿಂದ ಬಂಡೆಯಲ್ಲಿ ಮಲಗಿರುವ, ಥೋರ್ವಾಲ್ಡ್‌ಸನ್ ರೂಪಿಸಿದ ಸಾಯುತ್ತಿರುವ ಸಿಂಹದ ಶಿಲ್ಪ. ಅದನ್ನು ನೋಡಲು ಬಂದವರೆಲ್ಲ ಇಲ್ಲಿಗೂ ಬರುತ್ತಿದ್ದರು. 1881ರಲ್ಲಿ ಆಮ್ರೈನ್ ತೀರಿಕೊಂಡ ಮೇಲೆ ಅವನ ಹೆಂಡತಿ ಮರೀ ಆಮ್ರೈನ್-ಟ್ರೊಲರ್ ಉದ್ಯಾನದ ಹೊಣೆ ಹೊತ್ತಳು. 1896ರಲ್ಲಿ ಜಿನೀವಾದಲ್ಲಿ ನಡೆದ ಸ್ವಿಸ್ ರಾಷ್ಟ್ರೀಯ ಪ್ರದರ್ಶನಕ್ಕಾಗಿ ಕಟ್ಟಿದ್ದ, 90 ಕನ್ನಡಿಗಳ ಅಲ್ಹಾಂಬ್ರಾ ಚಕ್ರವ್ಯೂಹ 1899ರಲ್ಲಿ ಲ್ಯೂಸರ್ನ್‌ಗೆ ಬಂತು. ಭೂವಿಜ್ಞಾನದ ಉದ್ಯಾನದೊಳಗೆ ಕನ್ನಡಿಗಳ ಅರಮನೆ! ವಿಷಯದಲ್ಲಿ ಎರಡಕ್ಕೂ ಯಾವ ನಂಟೂ ಇಲ್ಲ. ಆದರೆ ಗುಣಿಗಳನ್ನು ನೋಡಲು ಬಂದ ಕುಟುಂಬದ ಮಕ್ಕಳಿಗೆ, ಮಳೆ ಬಂದ ದಿನ ಒಳಗೆ ಹೊತ್ತು ಕಳೆಯಬೇಕಾದವರಿಗೆ, ಅದು ಹೇಳಿಮಾಡಿಸಿದಂತಿತ್ತು. ಮಂಟಪವೇ ಬೆಟ್ಟಕ್ಕೆ ಬಂದು ಕನ್ನಡಿಗಳನ್ನು ತುಂಬಿಕೊಂಡದ್ದು ಪ್ರಾಗ್‌ನ ರೀತಿ, ಕನ್ನಡಿಗಳೇ ಊರು ಬದಲಿಸಿದ್ದು ಲ್ಯೂಸರ್ನ್‌ನ ರೀತಿ. ಎರಡೂ ಕಡೆ ನಡೆಸುವವರು ಇದ್ದರು, ಬರುವವರೂ ಇದ್ದರು.

ಪ್ಯಾರಿಸ್‌ನ ನಿದರ್ಶನವನ್ನು ಚಿಕ್ಕದಾಗಿ ಹೇಳಿದರೆ ಸಾಕು, ಅದು ನಿಜಾರ್ಥದಲ್ಲಿ ಚಕ್ರವ್ಯೂಹವಲ್ಲ. 1900ರ ವಿಶ್ವಪ್ರದರ್ಶನಕ್ಕಾಗಿ ಯೂಜೀನ್ ಎನಾರ್ ಯೋಜಿಸಿದ ಆರು ಮೂಲೆಯ ಕನ್ನಡಿಕೋಣೆಯ ಕಲ್ಪನೆ 1906ರಲ್ಲಿ ಗ್ರೆವಾನ್ ಮೇಣದ ಸಂಗ್ರಹಾಲಯಕ್ಕೆ ಬಂದು ಪಲೆ ದೆ ಮಿರಾಜ್ ಆಯಿತು. ನೋಡುಗರು ನಿಂತಲ್ಲೇ ನಿಲ್ಲುತ್ತಾರೆ. ದೀಪ ಆರಿ ಹತ್ತುವಷ್ಟರಲ್ಲಿ ಮೂಲೆಗಳ ಅಲಂಕಾರ ಬದಲಾಗಿ ಒಮ್ಮೆ ಹಿಂದೂ ದೇವಾಲಯ, ಒಮ್ಮೆ ಕಾಡು, ಒಮ್ಮೆ ಅರಬ್ ಅರಮನೆ ದಿಕ್ಕುದಿಕ್ಕಿಗೂ ಹಬ್ಬುತ್ತದೆ. ಇಲ್ಲೂ ಕೋನಗಳು 60ರ ಲೆಕ್ಕಕ್ಕೇ ಸೇರಿದವು, ಇಲ್ಲೂ ಕಾಪಾಡಿದ್ದು ಒಂದು ಸ್ಥಿರವಾದ ಸಂಗ್ರಹಾಲಯ. ಇದಕ್ಕೆ ಎದುರು ಸಾಕ್ಷ್ಯವನ್ನೂ ಇಡಬೇಕು. 1893ರ ಶಿಕಾಗೋ ಪ್ರದರ್ಶನದ ಮಿಡ್‌ವೇ ಪ್ಲೇಸಾನ್ಸ್‌ನಲ್ಲಿದ್ದ ಮೂರಿಶ್ ಪ್ಯಾಲೇಸ್ ಮೇಣದ ಗೊಂಬೆಗಳ ಜೊತೆ ಕನ್ನಡಿಗಳ ಜಾಲವನ್ನೂ ಹೊಂದಿತ್ತು. ಆ ಕಟ್ಟಡ ಉಳಿಯಲಿಲ್ಲ. ಬಿಚ್ಚಿ ಕಟ್ಟಬಹುದೆಂಬ ಗುಣ ಒಂದೇ ಸಾಲದು, ಕೈಹಿಡಿಯುವ ಮನೆಯೊಂದು ಬೇಕು ಎಂಬುದನ್ನು ಅದು ತೋರಿಸುತ್ತದೆ.

ಗಾಜಿನ ಸಂಗತಿಗೆ ಬರೋಣ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ಕನ್ನಡಿ ಎಂಬುದು ದೊರೆಗಳ ಸೊತ್ತು. 1684ರಲ್ಲಿ ಮುಗಿದ ವರ್ಸಾಯ್‌ನ ಕನ್ನಡಿ ಸಭಾಂಗಣದ 17 ಕಮಾನುಗಳಲ್ಲಿ 357 ಕನ್ನಡಿಗಳಿವೆ. ಒಂದು ಕಮಾನಿಗೆ ಒಂದೇ ಹಾಳೆಯನ್ನು ಮಾಡಲಾಗದ್ದರಿಂದ 21 ತುಂಡುಗಳನ್ನು ಜೋಡಿಸಿದ್ದಾರೆ. ಗಾಜಿನ ಬೆನ್ನಿಗೆ ಹಚ್ಚುತ್ತಿದ್ದುದು ತವರ ಮತ್ತು ಪಾದರಸದ ಮಿಶ್ರಣ. ಅದರ ಆವಿ ಕೆಲಸಗಾರರ ಮೈ ನಡುಗಿಸಿ ಹಲ್ಲುದುರಿಸುತ್ತಿತ್ತು. ಬವೇರಿಯಾದ ಫ್ಯೂರ್ಟ್ ಪಟ್ಟಣದ ಕನ್ನಡಿ ಕೆಲಸಗಾರರ ಬಾಧೆಯನ್ನು ಆ ಕಾಲದ ವೈದ್ಯರು ದಾಖಲಿಸಿದ್ದಾರೆ. ಯುಸ್ಟುಸ್ ಫಾನ್ ಲೀಬಿಗ್ 1835ರಲ್ಲಿ ಗುರುತಿಸಿ, 1850ರ ದಶಕದಲ್ಲಿ ಬಳಕೆಗೆ ತಕ್ಕಂತೆ ತಿದ್ದಿದ ಬೆಳ್ಳಿಯ ಲೇಪನ ವಿಧಾನವು ನಿಧಾನವಾಗಿ ಪಾದರಸವನ್ನು ಹೊರಗಟ್ಟಿತು. ಆಳೆತ್ತರದ ಕನ್ನಡಿಯನ್ನು ಒಂದೇ ಹಾಳೆಯಲ್ಲಿ, ಒಂದೇ ಅಳತೆಯಲ್ಲಿ, ಹತ್ತಾರು ಸಂಖ್ಯೆಯಲ್ಲಿ ಮನರಂಜನೆಗಾಗಿ ಕೊಳ್ಳುವುದು ಹತ್ತೊಂಬತ್ತನೆಯ ಶತಮಾನದ ಕೊನೆಗಷ್ಟೇ ಸಾಧ್ಯವಾಯಿತು. ಹಾಗಾಗಿ ಕನ್ನಡಿಮನೆಯನ್ನು ಅರಮನೆಯ ಉದ್ಯಾನದ ಗಿಡಗಂಟಿಗಳ ಚಕ್ರವ್ಯೂಹದ ಸಂತತಿ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅದು ಕಾರ್ಖಾನೆಯ ಕೂಸು.

ಇಲ್ಲಿ ಹಳೇಬೀಡನ್ನು ನೆನೆಯುವುದು ಅಪ್ರಸ್ತುತವಾಗದು. ಹೊಯ್ಸಳೇಶ್ವರ ದೇವಾಲಯದ ಭಿತ್ತಿಯ ಮೇಲೆ ಅಭಿಮನ್ಯುವಿನ ಚಕ್ರವ್ಯೂಹದ ಕೆತ್ತನೆಯಿದೆ. ಪ್ರಪಂಚದ ವ್ಯೂಹಾಕೃತಿಗಳ ಅಧ್ಯಯನಗಳಲ್ಲಿ ಅದಕ್ಕೆ ಸ್ಥಾನ ಸಿಕ್ಕಿದೆ. ಅಲ್ಲಿ ಸುತ್ತಿ ಸುತ್ತಿ ನಡುವಿಗೆ ಹೋಗುವ ದಾರಿ ಒಂದೇ, ಕವಲಿಲ್ಲ. ಹೋದವನು ತಪ್ಪುವುದಿಲ್ಲ, ಹಿಂದಿರುಗುವುದೇ ಕಷ್ಟ. ಕನ್ನಡಿಮನೆಯಲ್ಲಿ ಕವಲುಗಳುಂಟು, ಆದರೆ ನಿಜವಾದ ಕವಲುಗಳು ಬಹಳ ಕಡಿಮೆ. ನಕ್ಷೆಯನ್ನು ಕಾಗದದ ಮೇಲೆ ಬರೆದು ನೋಡಿದರೆ ದಾರಿ ಗಿಡ್ಡದು, ಮಗುವೂ ಬೆರಳಿಟ್ಟು ತೋರಿಸೀತು. ಎಡವುವುದು ದಾರಿಯ ಉದ್ದದಿಂದಲ್ಲ, ಯಾವ ಅಂಕಣ ಖಾಲಿ ಎಂದು ಕಣ್ಣು ಹೇಳಲಾರದೆ ಹೋಗುವುದರಿಂದ.

ಕಣ್ಣು ಸೋತರೂ ಗುರುತು ಹಿಡಿಯಲು ಕೆಲವು ದಾರಿಗಳಿವೆ, ಸಂಶೋಧಕರಿಗೂ ಅವು ಉಪಯುಕ್ತ. ಹಿಂಬದಿಗೆ ಲೇಪನವಿರುವ ಕನ್ನಡಿಗೆ ಬೆರಳ ತುದಿ ತಾಗಿಸಿದಾಗ ಬೆರಳಿಗೂ ಅದರ ಪ್ರತಿಬಿಂಬಕ್ಕೂ ನಡುವೆ ಸಂದು ಕಾಣುತ್ತದೆ. ಗಾಜಿನ ದಪ್ಪದ ಎರಡರಷ್ಟನ್ನು ವಕ್ರೀಭವನ ಸೂಚ್ಯಂಕದಿಂದ, ಅಂದರೆ ಸುಮಾರು ಒಂದೂವರೆಯಿಂದ, ಭಾಗಿಸಿದರೆ ಆ ಸಂದಿನ ಅಳತೆ. ಗಾಜು 6 ಮಿ.ಮೀ. ಇದ್ದರೆ ಸಂದು 8 ಮಿ.ಮೀ. ಚೌಕಟ್ಟಿನಿಂದ ಬಿಚ್ಚದೆಯೇ ಗಾಜಿನ ದಪ್ಪ ಅಂದಾಜು ಮಾಡಲು ಇಷ್ಟು ಸಾಕು. ಇನ್ನೊಂದು, ಬಣ್ಣ. ಸಾಮಾನ್ಯ ಗಾಜಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಪ್ರತಿ ಸಲ ಹಾದಾಗಲೂ ಬೆಳಕು ತುಸು ಹಸಿರಾಗುತ್ತದೆ. ಪ್ರತಿಫಲನಕ್ಕೆ ಹತ್ತರಲ್ಲಿ ಒಂದು ಪಾಲು ಬೆಳಕು ಕಳೆದುಹೋಗುತ್ತದೆ ಎಂದಿಟ್ಟುಕೊಂಡರೆ, ಹತ್ತನೆಯ ಪ್ರತಿಫಲನದ ಹೊತ್ತಿಗೆ ಉಳಿಯುವುದು ಶೇ. 35ರಷ್ಟು ಮಾತ್ರ. ದೂರದ ಓಣಿ ಕಡುಹಸಿರಾಗಿ ಮಬ್ಬಾದರೆ ಅದು ಪ್ರತಿಬಿಂಬಗಳ ಓಣಿ. ಪ್ರದರ್ಶನಗಳ ಕಾಲದ ವಿದ್ಯುದ್ದೀಪ ಈ ಮನೆಗಳಿಗೆ ಅಷ್ಟು ಮುಖ್ಯವಾದದ್ದೂ ಇದಕ್ಕೇ. ಮಂದ ಬೆಳಕಿನಲ್ಲಿ ನಾಲ್ಕೈದು ಪ್ರತಿಬಿಂಬಗಳಾಚೆ ಕತ್ತಲೆ ಕವಿದು ಅನಂತದ ಭ್ರಮೆ ಅಲ್ಲಿಗೇ ನಿಂತುಬಿಡುತ್ತಿತ್ತು.

ಪೆಟ್ರೀನ್‌ನ ನಗೆಕೋಣೆಯ ಕನ್ನಡಿಗಳು ಬೇರೆ ಜಾತಿಯವು. ಉಬ್ಬಿದ ಗಾಜಿನ ಬಾಗು ಎಡದಿಂದ ಬಲಕ್ಕಿದ್ದರೆ ನೋಡುಗ ಸಣಕಲಾಗುತ್ತಾನೆ, ಮೇಲಿನಿಂದ ಕೆಳಕ್ಕಿದ್ದರೆ ಕುಳ್ಳಾಗುತ್ತಾನೆ. ಯುದ್ಧದ ಚಿತ್ರ ನೋಡಿ ಬಂದವರನ್ನು ನಗಿಸಿ ಕಳಿಸುವ ಈ ಕ್ರಮವನ್ನು ಯೋಜಿಸಿದವರಿಗೆ ಜನರ ಮನಸ್ಸು ಗೊತ್ತಿತ್ತು ಎನ್ನಬೇಕು.

ಕನ್ನಡಿಮನೆಯ ಹೆಸರು ಜಗತ್ತಿನಾದ್ಯಂತ ಹರಡಿದ್ದು ಸಿನಿಮಾದಿಂದ. ಚಾಪ್ಲಿನ್‌ನ 1928ರ ‘ದ ಸರ್ಕಸ್’ನಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳುವ ಅಲೆಮಾರಿ ಕನ್ನಡಿಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಆರ್ಸನ್ ವೆಲ್ಸ್‌ನ 1947ರ ‘ದ ಲೇಡಿ ಫ್ರಮ್ ಶಾಂಘೈ’ಯಲ್ಲಿ ಗಂಡಹೆಂಡಿರು ಪರಸ್ಪರರ ಪ್ರತಿಬಿಂಬಗಳಿಗೆ ಗುಂಡು ಹಾರಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಪ್ಲೇಲ್ಯಾಂಡ್ ಉದ್ಯಾನದ ಹೊರನೋಟ ಆ ಚಿತ್ರದಲ್ಲಿದೆ, ಕನ್ನಡಿಗಳ ದೃಶ್ಯಕ್ಕೆ ಮಾತ್ರ ಸ್ಟುಡಿಯೋದಲ್ಲಿ ಸೆಟ್ ಹಾಕಿದ್ದರು. ಪ್ಲೇಲ್ಯಾಂಡ್ 1972ರಲ್ಲಿ ಮುಚ್ಚಿತು, ಅದರ ಮೋಜಿನ ಮನೆಯೂ ಹೋಯಿತು. ವ್ಯಾಪಾರಕ್ಕೇ ಕಟ್ಟಿದ ಉದ್ಯಾನದ ಭೂಮಿಗೆ ಬೆಲೆ ಏರಿದಾಗ ಕನ್ನಡಿಗಳಿಗೆ ದಿಕ್ಕಿರುವುದಿಲ್ಲ. ಬೆಟ್ಟದ ಮೇಲಿನ ಪೆಟ್ರೀನ್‌ಗೂ ಹಿಮಯುಗದ ಬಂಡೆಯ ಮಗ್ಗುಲಿನ ಲ್ಯೂಸರ್ನ್‌ಗೂ ಆ ಭಯ ಅಷ್ಟಾಗಿ ತಟ್ಟಲಿಲ್ಲ.

ಸಂರಕ್ಷಣೆಯ ದೃಷ್ಟಿಯಿಂದ ಒಂದು ಸಲಹೆ. ಕನ್ನಡಿ ಒಡೆಯುತ್ತದೆ, ಬೆಳ್ಳಿಯ ಅಂಚು ಕಪ್ಪಾಗುತ್ತದೆ, ಹೊಸದನ್ನು ಹಾಕಲೇಬೇಕು. 1950ರ ದಶಕದ ಕೊನೆಯಲ್ಲಿ ಪಿಲ್ಕಿಂಗ್‌ಟನ್ ಸಂಸ್ಥೆ, ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಪ್ರಕಟಿಸಿದ ಮೇಲೆ ಬಂದ ಗಾಜು ಎಷ್ಟು ಸಮತಟ್ಟೆಂದರೆ, ಹಳೆಯ ಹಾಳೆಯ ಪಕ್ಕ ಅದನ್ನು ಕೂರಿಸಿದಾಗ ಎರಡರ ಪ್ರತಿಬಿಂಬಗಳ ವ್ಯತ್ಯಾಸ ಗಮನವಿಟ್ಟ ಕಣ್ಣಿಗೆ ತಿಳಿಯುತ್ತದೆ. ಹಾಗಾಗಿ ಇಂಥ ಕಟ್ಟಡಗಳ ಪಟ್ಟಿ ಮಾಡುವಾಗ ಕನ್ನಡಿಗಳ ಸಂಖ್ಯೆ ಬರೆದರಷ್ಟೇ ಸಾಲದು. ಪ್ರತಿ ಅಂಕಣಕ್ಕೂ ಒಂದು ಸಂಖ್ಯೆ ಕೊಟ್ಟು, ಅದು ತೆರೆದದ್ದೋ ಮುಚ್ಚಿದ್ದೋ, ಗಾಜು ಯಾವ ಕಾಲದ್ದು, ದಪ್ಪ ಎಷ್ಟು, ಕಂಬ ಮೂಲದ್ದೋ ಬದಲಿಸಿದ್ದೋ ಎಂದು ನಕ್ಷೆಯ ಮೇಲೆ ಗುರುತಿಸಬೇಕು. ಒಂದೇ ಒಂದು ಅಂಕಣದ ಕನ್ನಡಿ ತೆಗೆದು ಪಕ್ಕದ ಅಂಕಣಕ್ಕೆ ಹಾಕಿದರೂ ಚಕ್ರವ್ಯೂಹ ಬೇರೆಯದಾಗುತ್ತದೆ. ರಿಪೇರಿಯ ನೆಪದಲ್ಲಿ ಹಾಗೆ ಆಗಿದ್ದರೆ ಅದನ್ನು ಪತ್ತೆ ಹಚ್ಚಲು ಹಳೆಯ ನಕ್ಷೆಯೊಂದೇ ಆಧಾರ.